ಸರ್ವರ್ ನಿಂತಿದೆಯೇ? ರೀಬೂಟ್ ಒತ್ತುವ ಮುನ್ನ ಇಷ್ಟು ನೋಡಿ

ಬಾಡಿಗೆಗೆ ಪಡೆದ ವರ್ಚುವಲ್ ಸರ್ವರ್, ಅಂದರೆ ವಿಪಿಎಸ್, ಕೈಕೊಟ್ಟಾಗ ಬಹುಪಾಲು ಜನ ಮಾಡುವ ಮೊದಲ ಕೆಲಸ ಕಂಟ್ರೋಲ್ ಪ್ಯಾನೆಲ್ ತೆರೆದು ರೀಬೂಟ್ ಒತ್ತುವುದು. ಎಷ್ಟೋ ಸಲ ಸೈಟು ಮತ್ತೆ ತೆರೆದುಕೊಳ್ಳುತ್ತದೆ, ಸದ್ಯ ಬದುಕಿದೆವು ಅನ್ನಿಸುತ್ತದೆ. ನಾಲ್ಕು ದಿನ ಕಳೆದರೆ ಮತ್ತೆ ಅದೇ ಗೋಳು. ರೀಬೂಟ್ ಮಾಡಿದರೆ ಕಾರಣ ಹೋಗುವುದಿಲ್ಲ, ಕಾರಣ ತೋರಿಸಿಕೊಡುತ್ತಿದ್ದ ಕುರುಹು ಹೋಗುತ್ತದೆ. ಆ ಹೊತ್ತಿನಲ್ಲಿ ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಹಿಡಿದು ಕೂತಿತ್ತು, ಯಾವ ಐಪಿಯಿಂದ ಎಷ್ಟು ಸಂಪರ್ಕ ಬಂದಿತ್ತು ಎಂಬುದೆಲ್ಲ ಅಳಿಸಿಹೋಗುತ್ತದೆ.

ವಿಪಿಎಸ್‌ನ ತೊಂದರೆಗಳು ನೋಡಲು ನೂರು ಬಗೆ. ಬೇರು ಹುಡುಕಿದರೆ ಸಿಗುವುದು ಬೆರಳೆಣಿಕೆಯಷ್ಟು: ಬಾಗಿಲು ಮುಚ್ಚಿರುವುದು, ಡಿಸ್ಕ್ ತುಂಬಿರುವುದು, ಮೆಮೊರಿ ಮುಗಿದಿರುವುದು, ಹೆಸರು ಅಥವಾ ಸರ್ಟಿಫಿಕೇಟಿನ ಗೊಂದಲ, ಒಳಗೆ ಯಾರೋ ನುಗ್ಗಿರುವುದು. ತೊಂದರೆ ಎಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಕೈಹಾಕಿದರೆ ಅರ್ಧ ಕೆಲಸ ಮುಗಿದಂತೆ. ಉದಾಹರಣೆಗೆ ಇಲ್ಲಿ ಒಂದು ಸಾಮಾನ್ಯ ಜೋಡಣೆಯನ್ನು ಇಟ್ಟುಕೊಳ್ಳೋಣ: 1 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕ್, ಉಬುಂಟು ಲಿನಕ್ಸ್, ಅದರ ಮೇಲೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ಪಿಎಚ್‌ಪಿ, ಮೈಎಸ್‌ಕ್ಯುಎಲ್ ಡೇಟಾಬೇಸ್ ಮತ್ತು ವರ್ಡ್‌ಪ್ರೆಸ್. ಸಣ್ಣ ಪತ್ರಿಕೆ, ಪ್ರಕಾಶನ, ಅಂಗಡಿ, ಶಾಲೆಗಳ ಎಷ್ಟೋ ಸೈಟುಗಳು ಇಂಥದ್ದರ ಮೇಲೆಯೇ ನಡೆಯುತ್ತವೆ.

ಯಾವುದು ನಿಮ್ಮ ಪಾಲು, ಯಾವುದು ಅವರ ಪಾಲು

ವಿಪಿಎಸ್ ಎಂದರೆ ವಠಾರದ ಒಂದು ಮನೆ. ನಾಲ್ಕು ಗೋಡೆಯೊಳಗೆ ನೀವೇ ಯಜಮಾನರು, ಆದರೆ ನೀರಿನ ತೊಟ್ಟಿ ಮತ್ತು ಕರೆಂಟಿನ ಲೈನು ಎಲ್ಲ ಬಾಡಿಗೆದಾರರಿಗೂ ಒಂದೇ. ಡೇಟಾ ಸೆಂಟರಿನಲ್ಲಿರುವ ದೊಡ್ಡ ಯಂತ್ರವೊಂದನ್ನು ಹೈಪರ್‌ವೈಸರ್ ಎಂಬ ತಂತ್ರಾಂಶ ಹಲವು ಪಾಲು ಮಾಡಿ ಹಂಚುತ್ತದೆ. ಈ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಾಗುವ ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನ ಭಾಗವಾಗಿಯೇ ಬರುತ್ತಿದೆ. ಯಂತ್ರ, ವಿದ್ಯುತ್, ನೆಟ್‌ವರ್ಕ್, ಹೈಪರ್‌ವೈಸರ್ ಇಷ್ಟು ಕಂಪನಿಯ ಹೊಣೆ. ಆಪರೇಟಿಂಗ್ ಸಿಸ್ಟಂನಿಂದ ಹಿಡಿದು ಮೇಲಿನದೆಲ್ಲ ನಿಮ್ಮ ಹೊಣೆ. ‘ಮ್ಯಾನೇಜ್ಡ್’ ಎಂದು ಹೆಚ್ಚು ಹಣ ಕೊಟ್ಟು ಕೊಂಡಿದ್ದರೆ ಮಾತ್ರ ಈ ಗೆರೆ ಸ್ವಲ್ಪ ಮೇಲೆ ಸರಿಯುತ್ತದೆ.

ಹಾಗಾಗಿ ಮೊದಲು ಕಂಪನಿಯ ಪಾಲನ್ನು ನೋಡಿ. ಅವರ ಸ್ಟೇಟಸ್ ಪುಟದಲ್ಲಿ ದುರಸ್ತಿಯ ಸೂಚನೆ ಇದೆಯೇ? ಇಮೇಲಿನ ಇನ್‌ಬಾಕ್ಸ್ ಮತ್ತು ಸ್ಪ್ಯಾಮ್ ಡಬ್ಬಿಯಲ್ಲಿ ಅವರ ಪತ್ರ ಬಿದ್ದಿದೆಯೇ? ಬಿಲ್ಲು ಕಟ್ಟಲಾಗಿದೆಯೇ? ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕಿನ ಕಟ್ಟುನಿಟ್ಟಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು, ಕಡಿತಕ್ಕೆ ಮುನ್ನ ಬ್ಯಾಂಕು ಸೂಚನೆ ಕಳಿಸಬೇಕು. ಈ ಏರ್ಪಾಡು ಇಲ್ಲದ ವಿದೇಶಿ ಕಂಪನಿಗಳಿಗೆ ಭಾರತೀಯ ಕಾರ್ಡಿನಿಂದ ಹಣ ಹೋಗದೆ, ಯಾರೂ ಗಮನಿಸದೆ, ಸರ್ವರ್ ಅಮಾನತಾಗುವುದುಂಟು. ಸಾಧ್ಯವಿದ್ದರೆ ಖಾತೆಯಲ್ಲಿ ಎರಡು ಮೂರು ತಿಂಗಳ ಹಣ ಮುಂಗಡ ತುಂಬಿಡಿ.

ಎಸ್‌ಎಸ್‌ಎಚ್ ಒಳಗೆ ಬಿಡದಿದ್ದಾಗ

ಎಸ್‌ಎಸ್‌ಎಚ್ ಎಂದರೆ ದೂರದಿಂದ ಸರ್ವರ್‌ನೊಳಗೆ ಹೋಗುವ ದಾರಿ. ಲಾಗಿನ್ ಆಗುತ್ತಿಲ್ಲ ಎಂದರೆ ಸಾಲದು. ಪರದೆಯ ಮೇಲೆ ಬಂದ ವಾಕ್ಯ ಯಾವುದು ಎಂದು ನೋಡಿ, ಒಂದೊಂದು ವಾಕ್ಯಕ್ಕೂ ಒಂದೊಂದು ಅರ್ಥವಿದೆ.

‘ಕನೆಕ್ಷನ್ ರೆಫ್ಯೂಸ್ಡ್’ ಎಂದು ತಕ್ಷಣ ಬಂದರೆ ಯಂತ್ರ ಬದುಕಿದೆ, ಹೆಚ್ಚಾಗಿ ನೀವು ಕೇಳಿದ ಪೋರ್ಟಿನಲ್ಲಿ ಉತ್ತರಿಸುವವರು ಇಲ್ಲ. ಎಸ್‌ಎಸ್‌ಎಚ್ ಸೇವೆ ನಿಂತಿರಬಹುದು, ಅಥವಾ ಪೋರ್ಟ್ 22ರಿಂದ ಬೇರೆಡೆಗೆ ಬದಲಾಗಿರಬಹುದು. ಉಬುಂಟು 24.04ರಲ್ಲಿ ಈ ಸೇವೆ, ಎಲ್ಲ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯ ಸಾಕೆಟ್ ಮೂಲಕ ಏಳುತ್ತದೆ. ಕಾನ್ಫಿಗ್ ಫೈಲಿನಲ್ಲಿ ಪೋರ್ಟ್ ಬದಲಿಸಿ ಸೇವೆಯನ್ನಷ್ಟೇ ರೀಸ್ಟಾರ್ಟ್ ಮಾಡಿದರೆ ಹಳೆಯ ಪೋರ್ಟೇ ಉಳಿದಿರುತ್ತದೆ. ಡೀಮನ್ ರೀಲೋಡ್ ಮಾಡಿ, ಎಸ್‌ಎಸ್‌ಎಚ್ ಸಾಕೆಟ್ಟನ್ನೂ ರೀಸ್ಟಾರ್ಟ್ ಮಾಡಬೇಕು.

ಬಹಳ ಹೊತ್ತು ಕಾಯಿಸಿ ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ನಿಮ್ಮ ಮಾತು ಅಲ್ಲಿಗೆ ತಲುಪಿಲ್ಲ, ಅಥವಾ ತಲುಪಿದರೂ ಫೈರ್‌ವಾಲ್ ಸದ್ದಿಲ್ಲದೆ ನುಂಗಿದೆ. ಐಪಿ ಸರಿಯಿದೆಯೇ, ಪ್ಯಾನೆಲ್‌ನಲ್ಲಿ ಯಂತ್ರ ಚಾಲೂ ಇದೆಯೇ ಎಂದು ನೋಡಿ. ಫೈರ್‌ವಾಲ್ ಎರಡು ಕಡೆ ಇರುತ್ತದೆ ಎಂಬುದು ನೆನಪಿರಲಿ: ಒಂದು ಯಂತ್ರದೊಳಗಿನ ಯುಎಫ್‌ಡಬ್ಲ್ಯು, ಇನ್ನೊಂದು ಕಂಪನಿಯ ಪ್ಯಾನೆಲ್‌ನಲ್ಲಿರುವುದು. ‘ಟೈಮ್ಡ್ ಔಟ್’ ಇರಲಿ, ‘ರೆಫ್ಯೂಸ್ಡ್’ ಇರಲಿ, ಮನೆಯ ವೈಫೈಯಿಂದ ಆಗದ್ದು ಮೊಬೈಲ್ ಹಾಟ್‌ಸ್ಪಾಟಿನಿಂದ ಆಗುತ್ತಿದ್ದರೆ ನಿಮ್ಮ ಮನೆಯ ಐಪಿಯನ್ನೇ ಸರ್ವರ್ ತಡೆದಿರಬಹುದು. ತಪ್ಪು ಪಾಸ್‌ವರ್ಡ್ ಹೊಡೆಯುವವರನ್ನು ಹೊರಗಿಡುವ ಫೇಲ್‌2ಬ್ಯಾನ್, ತನ್ನ ಮೂಲ ಸೆಟ್ಟಿಂಗಿನಲ್ಲಿ, ಹತ್ತು ನಿಮಿಷದೊಳಗೆ ಐದು ಸಲ ತಪ್ಪಿದರೆ ಹತ್ತು ನಿಮಿಷ ಹೊರಗೆ ನಿಲ್ಲಿಸುತ್ತದೆ. ಅದಕ್ಕೆ ಯಜಮಾನ ಯಾರು, ಕಳ್ಳ ಯಾರು ಎಂದು ಗೊತ್ತಿಲ್ಲ. ಸ್ವಲ್ಪ ಕಾಯಿರಿ, ಇಲ್ಲವೇ ಹಾಟ್‌ಸ್ಪಾಟಿನಿಂದ ಒಳಹೋಗಿ ನಿಮ್ಮ ಐಪಿಯನ್ನು ಬಿಡಿಸಿ.

‘ಪರ್ಮಿಷನ್ ಡಿನೈಡ್’ ಬಂದರೆ ಬಾಗಿಲವರೆಗೂ ತಲುಪಿದ್ದೀರಿ, ಕೀಲಿ ಅಥವಾ ಹೆಸರು ಹೊಂದುತ್ತಿಲ್ಲ. ಅಮೆಜಾನಿನ ಉಬುಂಟು ಯಂತ್ರಕ್ಕೆ ‘ರೂಟ್’ ಎಂದು ಹೋದರೆ ಆಗದು, ‘ಉಬುಂಟು’ ಎಂಬ ಬಳಕೆದಾರ ಹೆಸರೇ ಬೇಕು. ಖಾಸಗಿ ಕೀ ಫೈಲಿನ ಅನುಮತಿ 600, ಸರ್ವರ್‌ನಲ್ಲಿರುವ ಎಸ್‌ಎಸ್‌ಎಚ್ ಫೋಲ್ಡರಿನದು 700 ಇರಲಿ. ಅನುಮತಿ ಸಡಿಲವಾಗಿದ್ದರೆ ಎಸ್‌ಎಸ್‌ಎಚ್ ಆ ಕೀಯನ್ನು ಒಪ್ಪುವುದಿಲ್ಲ. ಕಾನ್ಫಿಗ್ ಬದಲಿಸಿಯೂ ಪರಿಣಾಮ ಕಾಣದಿದ್ದರೆ, ಒಂದೇ ಸೆಟ್ಟಿಂಗ್ ಎರಡು ಕಡೆ ಬರೆದಿದೆಯೇ ಎಂದು ಹುಡುಕಿ. ಎಸ್‌ಎಸ್‌ಎಚ್ ಮೊದಲು ಕಂಡದ್ದನ್ನೇ ಹಿಡಿಯುತ್ತದೆ. ಉಬುಂಟುವಿನಲ್ಲಿ, ಮೊದಲ ಬೂಟಿನಲ್ಲಿ ಯಂತ್ರವನ್ನು ಹೊಂದಿಸುವ ಕ್ಲೌಡ್‌ಇನಿಟ್ ಬರೆದಿಟ್ಟ ತುಣುಕು ಫೈಲು ಮೊದಲು ಓದಲ್ಪಡುವುದರಿಂದ ಮುಖ್ಯ ಫೈಲಿನಲ್ಲಿ ನೀವು ಬರೆದದ್ದು ವ್ಯರ್ಥವಾಗಬಹುದು.

ಯಾವ ದಾರಿಯೂ ಉಳಿಯದಿದ್ದರೆ ಪ್ಯಾನೆಲ್‌ನಲ್ಲಿ ‘ಕನ್ಸೋಲ್’ ಎಂಬ ಗುಂಡಿ ಇರುತ್ತದೆ. ಯಂತ್ರಕ್ಕೆ ನೇರವಾಗಿ ಕೀಬೋರ್ಡು, ಪರದೆ ಹಚ್ಚಿದ ಹಾಗೆ ಅದು ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಅದಕ್ಕೆ ನೆಟ್‌ವರ್ಕ್, ಫೈರ್‌ವಾಲ್, ಎಸ್‌ಎಸ್‌ಎಚ್ ಯಾವುದೂ ಬೇಡ. ಆದರೆ ಪಾಸ್‌ವರ್ಡ್ ಬೇಕು. ಕೀ ಮಾತ್ರ ಇಟ್ಟುಕೊಂಡು ಪಾಸ್‌ವರ್ಡನ್ನೇ ಹೊಂದಿಸದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅವರಿಗೆ ಉಳಿಯುವುದು ‘ರೆಸ್ಕ್ಯೂ ಮೋಡ್’: ಬೇರೊಂದು ಪುಟ್ಟ ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿ, ನಿಮ್ಮ ಡಿಸ್ಕನ್ನು ಮೌಂಟ್ ಮಾಡಿ, ತಪ್ಪಿದ ಫೈಲನ್ನು ತಿದ್ದುವ ದಾರಿ. ರೀಬೂಟ್ ಆದಮೇಲೆ ಯಂತ್ರ ಮೇಲೇಳದಿದ್ದಾಗಲೂ ಮೊದಲು ನೋಡಬೇಕಾದದ್ದು ಕನ್ಸೋಲನ್ನೇ. ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಡಿಸ್ಕಿನ ಹೆಸರು ತಪ್ಪಾಗಿದ್ದರೂ ಬೂಟ್ ಅರ್ಧಕ್ಕೆ ನಿಂತು ‘ಎಮರ್ಜೆನ್ಸಿ ಮೋಡ್’ ಎಂದು ಹೇಳುತ್ತಿರುತ್ತದೆ. ಆ ಫೈಲು ಮುಟ್ಟಿದಾಗಲೆಲ್ಲ ರೀಬೂಟ್‌ಗೆ ಮುನ್ನ ‘ಮೌಂಟ್ -ಎ’ ಕೊಟ್ಟು ಪರೀಕ್ಷಿಸುವುದು ಲೇಸು.

ಡಿಸ್ಕ್ ತುಂಬಿದಾಗ

ಸೈಟು ವಿಚಿತ್ರವಾಗಿ ಆಡುತ್ತಿದೆ, ಚಿತ್ರ ಅಪ್‌ಲೋಡ್ ಆಗುತ್ತಿಲ್ಲ, ಲಾಗಿನ್ ಆದವರು ಮತ್ತೆ ಮತ್ತೆ ಹೊರಬೀಳುತ್ತಿದ್ದಾರೆ, ಡೇಟಾಬೇಸ್ ಏಳುತ್ತಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ ದೂರುಗಳು ಒಟ್ಟಿಗೆ ಬಂದರೆ ಮೊದಲ ಗುಮಾನಿ ಡಿಸ್ಕಿನ ಮೇಲಿರಲಿ. ‘ಡಿಎಫ್ -ಎಚ್’ ಎಂಬ ಕಮಾಂಡ್ ಯಾವ ಭಾಗ ಎಷ್ಟು ತುಂಬಿದೆ ಎಂದು ಹೇಳುತ್ತದೆ. 100 ಪ್ರತಿಶತ ಕಂಡರೆ ‘ಡಿಯು’ ಕಮಾಂಡಿನಿಂದ ಯಾವ ಫೋಲ್ಡರ್ ಊದಿಕೊಂಡಿದೆ ಎಂದು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಿ.

ಜಾಗ ತಿನ್ನುವವರು ಹೆಚ್ಚಾಗಿ ಪರಿಚಿತರೇ. ಮೊದಲನೆಯದು ಲಾಗ್‌ಗಳು. ಸಿಸ್ಟಂಡಿಯ ಜರ್ನಲ್ ಡಿಸ್ಕಿನ 10 ಪ್ರತಿಶತದವರೆಗೆ, ಹೆಚ್ಚೆಂದರೆ 4 ಜಿಬಿ, ಬೆಳೆಯಬಹುದು. 25 ಜಿಬಿ ಡಿಸ್ಕಿನಲ್ಲಿ ಅದೇ ಎರಡೂವರೆ ಜಿಬಿ. ‘ಜರ್ನಲ್‌ಸಿಟಿಎಲ್’ ಕಮಾಂಡಿಗೆ ವ್ಯಾಕ್ಯೂಮ್ ಸೈಜ್ 500 ಎಂಬಿ ಎಂದು ಕೊಟ್ಟರೆ ಹಳೆಯದನ್ನು ಕತ್ತರಿಸುತ್ತದೆ. ಎರಡನೆಯದು ಮೈಎಸ್‌ಕ್ಯುಎಲ್‌ನ ಬೈನರಿ ಲಾಗ್. 8.0 ಆವೃತ್ತಿಯಿಂದ ಅದು ತಾನಾಗಿಯೇ ಚಾಲೂ ಇರುತ್ತದೆ, 30 ದಿನ ಉಳಿಯುತ್ತದೆ. ಅದನ್ನು ಫೈಲು ಅಳಿಸುವ ಕಮಾಂಡಿನಿಂದ ಕೀಳಬೇಡಿ. ಮೈಎಸ್‌ಕ್ಯುಎಲ್‌ನೊಳಗೆ ಹೋಗಿ ಪರ್ಜ್ ಮಾಡಿ, ಉಳಿಸುವ ಅವಧಿಯನ್ನು ಕಡಿಮೆ ಮಾಡಿ. ಆಮೇಲೆ ಹಳೆಯ ಕರ್ನಲ್‌ಗಳು, ಡಾಕರ್‌ನ ಬಳಸದ ಇಮೇಜ್‌ಗಳು, ಅದೇ ಡಿಸ್ಕಿನಲ್ಲಿ ದಿನವೂ ಕೂಡಿಡುತ್ತಿರುವ ಬ್ಯಾಕಪ್‌ಗಳು.

ಎರಡು ಒಗಟುಗಳು ಹೊಸಬರನ್ನು ಕಾಡುತ್ತವೆ. ದೊಡ್ಡ ಲಾಗ್ ಫೈಲನ್ನು ಅಳಿಸಿದರೂ ಜಾಗ ಮರಳಿ ಬಾರದಿರುವುದು ಒಂದು. ಆ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿದ್ದರೆ ಹೆಸರು ಮಾತ್ರ ಅಳಿಯುತ್ತದೆ, ಜಾಗ ಬಿಡುಗಡೆಯಾಗುವುದಿಲ್ಲ. ‘ಎಲ್‌ಎಸ್‌ಒಎಫ್’ ಕಮಾಂಡಿನಿಂದ ಅದು ಯಾವುದೆಂದು ಕಂಡುಹಿಡಿದು ಆ ಸೇವೆಯೊಂದನ್ನು ರೀಸ್ಟಾರ್ಟ್ ಮಾಡಿದರೆ ಸಾಕು. ಇನ್ನೊಂದು, ಡಿಸ್ಕಿನಲ್ಲಿ ಜಾಗ ಕಾಣುತ್ತಿದ್ದರೂ ‘ನೋ ಸ್ಪೇಸ್ ಲೆಫ್ಟ್’ ಎನ್ನುವುದು. ಫೈಲು ಎಷ್ಟೇ ಚಿಕ್ಕದಿರಲಿ ಅದಕ್ಕೊಂದು ಐನೋಡ್ ಬೇಕು, ಅವುಗಳ ಸಂಖ್ಯೆಗೆ ಮಿತಿಯಿದೆ. ಪಿಎಚ್‌ಪಿಯ ಸೆಷನ್ ಫೈಲುಗಳು, ಕ್ಯಾಶ್ ಫೈಲುಗಳು ಲಕ್ಷಗಟ್ಟಲೆ ಸೇರಿದಾಗ ಐನೋಡ್ ಮುಗಿಯುತ್ತದೆ. ‘ಡಿಎಫ್ -ಐ’ ಕೊಟ್ಟರೆ ಗುಟ್ಟು ರಟ್ಟಾಗುತ್ತದೆ.

ಮೆಮೊರಿ ಮುಗಿದಾಗ ಬಲಿಯಾಗುವವರು

ಸಣ್ಣ ವಿಪಿಎಸ್‌ಗಳಿಗೆ ಪದೇ ಪದೇ ಬರುವ ಕಾಯಿಲೆ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ವರ್ಡ್‌ಪ್ರೆಸ್ ಸೈಟು ತೆರೆದರೆ ಖಾಲಿ ಪುಟದಲ್ಲಿ ‘ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್’ ಎಂಬ ಒಂದೇ ಸಾಲು. ಒಳಹೋಗಿ ನೋಡಿದರೆ ಮೈಎಸ್‌ಕ್ಯುಎಲ್ ಸತ್ತಿದೆ. ಎಬ್ಬಿಸಿದರೆ ಏಳುತ್ತದೆ, ಸಂಜೆಗೆ ಮತ್ತೆ ಬೀಳುತ್ತದೆ. ಡೇಟಾಬೇಸಿನಲ್ಲೇ ದೋಷ ಎಂದುಕೊಂಡು ಅದನ್ನು ಅಳಿಸಿ ಮತ್ತೆ ಹಾಕುವವರೂ ಇದ್ದಾರೆ.

ನಡೆದಿರುವುದು ಬೇರೆ. ವರ್ಡ್‌ಪ್ರೆಸ್‌ನ ಲಾಗಿನ್ ಪುಟವನ್ನೋ ಹೊರಗಿನ ಆ್ಯಪ್‌ಗಳಿಗಾಗಿ ಇರುವ ಎಕ್ಸ್‌ಎಂಎಲ್‌ಆರ್‌ಪಿಸಿ ಫೈಲನ್ನೋ ಯಾವುದೋ ಬಾಟ್ ನಿಮಿಷಕ್ಕೆ ನೂರಾರು ಸಲ ಬಡಿಯತೊಡಗುತ್ತದೆ. ಪ್ರತಿ ವಿನಂತಿಗೂ ಪಿಎಚ್‌ಪಿಯ ಒಂದು ಪ್ರೊಸೆಸ್ ಬೇಕು. ಒಂದೊಂದೂ 50 ಎಂಬಿ ಹಿಡಿದರೆ ಹದಿನೈದು ಪ್ರೊಸೆಸ್‌ಗೆ 750 ಎಂಬಿ ಬೇಕಾಯಿತು. ರ್‍ಯಾಮ್ ಮುಗಿದಾಗ ಲಿನಕ್ಸ್ ಕರ್ನಲ್ ಇಡೀ ಯಂತ್ರವನ್ನು ಉಳಿಸಲು ಒಬ್ಬರನ್ನು ಬಲಿ ಕೊಡುತ್ತದೆ. ಈ ಕೆಲಸ ಮಾಡುವುದು ಕರ್ನಲ್‌ನಲ್ಲೇ ಇರುವ ಓಓಎಂ ಕಿಲ್ಲರ್. ಸಾಮಾನ್ಯವಾಗಿ ಹೆಚ್ಚು ಮೆಮೊರಿ ಹಿಡಿದಿರುವ ಒಂದೇ ಪ್ರೊಸೆಸ್ಸನ್ನು ಅದು ಆರಿಸುತ್ತದೆ. ಹದಿನೈದು ಚಿಕ್ಕ ಪಿಎಚ್‌ಪಿಗಳ ನಡುವೆ ಒಂಟಿಯಾಗಿ ದೊಡ್ಡದಾಗಿ ನಿಂತಿರುವುದು ಮೈಎಸ್‌ಕ್ಯುಎಲ್. ತಪ್ಪು ಪಿಎಚ್‌ಪಿಯದು, ಪ್ರಾಣ ಹೋದದ್ದು ಡೇಟಾಬೇಸಿನದು.

ಇದಕ್ಕೆ ಸಾಕ್ಷಿ ಕರ್ನಲ್ ಲಾಗಿನಲ್ಲಿದೆ. ‘ಡಿಮೆಸೇಜ್’ ಕಮಾಂಡ್ ಕೊಟ್ಟು ‘ಔಟ್ ಆಫ್ ಮೆಮೊರಿ’ ಎಂಬ ಪದ ಹುಡುಕಿ. ‘ಕಿಲ್ಡ್ ಪ್ರೊಸೆಸ್’ ಎಂದು ಬರೆದು ಅದರ ಸಂಖ್ಯೆ, ಹೆಸರು, ಹಿಡಿದಿದ್ದ ಮೆಮೊರಿ ಎಲ್ಲವನ್ನೂ ಕರ್ನಲ್ ದಾಖಲಿಸಿರುತ್ತದೆ. ಗಮನಿಸಿ, ರೀಬೂಟ್ ಮಾಡಿದರೆ ‘ಡಿಮೆಸೇಜ್’ ಖಾಲಿಯಾಗಿ ಹೊಸದಾಗಿ ಶುರುವಾಗುತ್ತದೆ. ಜರ್ನಲ್ ಡಿಸ್ಕಿನಲ್ಲಿ ಉಳಿಯುವಂತಿದ್ದರೆ ಮಾತ್ರ ಹಿಂದಿನ ಬೂಟಿನ ದಾಖಲೆ ‘ಜರ್ನಲ್‌ಸಿಟಿಎಲ್’ನಲ್ಲಿ ಸಿಗುತ್ತದೆ.

ಪರಿಹಾರ ಲೆಕ್ಕದಲ್ಲಿದೆ. 1 ಜಿಬಿಯಲ್ಲಿ ಸಿಸ್ಟಂಗೆ 200 ಎಂಬಿ, ಮೈಎಸ್‌ಕ್ಯುಎಲ್‌ಗೆ 400 ಎಂಬಿ ಎಂದು ತೆಗೆದಿಟ್ಟರೆ ಉಳಿಯುವುದು ಸುಮಾರು 400. ಪಿಎಚ್‌ಪಿ ಪ್ರೊಸೆಸ್ ಒಂದಕ್ಕೆ 50 ಎಂಬಿಯಾದರೆ ಎಂಟಕ್ಕೆ ಜಾಗ. ಎಚ್ಚರಿಕೆಗೆ ಎರಡು ಬಿಟ್ಟು, ಪಿಎಚ್‌ಪಿ-ಎಫ್‌ಪಿಎಂನ ‘ಮ್ಯಾಕ್ಸ್ ಚಿಲ್ಡ್ರನ್’ ಎಂಬಲ್ಲಿ 6 ಎಂದು ಬರೆಯಿರಿ. ಏಳನೆಯ ಓದುಗ ಒಂದು ಕ್ಷಣ ಕಾಯುತ್ತಾನೆ, ಆದರೆ ಸೈಟು ಸಾಯುವುದಿಲ್ಲ. ಜೊತೆಗೆ 1ರಿಂದ 2 ಜಿಬಿಯ ಸ್ವಾಪ್ ಫೈಲು ಮಾಡಿಡಿ. ಸ್ವಾಪ್ ಎಂದರೆ ಡಿಸ್ಕು, ರ್‍ಯಾಮ್‌ನಷ್ಟು ವೇಗ ಇರುವುದಿಲ್ಲ, ಆದರೆ ದಿಢೀರ್ ಏರಿಕೆಗೆ ಅದು ತಡೆ. ಬಾಟ್ ಬಡಿಯುವ ಎಕ್ಸ್‌ಎಂಎಲ್‌ಆರ್‌ಪಿಸಿ ನಿಮಗೆ ಬೇಡವಾದರೆ ಎಂಜಿನ್‌ಎಕ್ಸ್‌ನಲ್ಲೇ ಮುಚ್ಚಿ.

‘ಫ್ರೀ -ಎಚ್’ ನೋಡುವಾಗ ಒಂದು ಮಾತು. ‘ಫ್ರೀ’ ಎಂಬ ಕಾಲಂ ಸೊನ್ನೆಯ ಹತ್ತಿರ ಇದ್ದರೆ ಹೆದರಬೇಡಿ. ಖಾಲಿ ಬಿದ್ದ ರ್‍ಯಾಮನ್ನು ಲಿನಕ್ಸ್ ಫೈಲುಗಳ ಕ್ಯಾಶಿಗೆ ಬಳಸುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ‘ಅವೈಲಬಲ್’ ಕಾಲಂ.

ಸತ್ತಿಲ್ಲ, ಆದರೆ ತೆವಳುತ್ತಿದೆ

ನಿಧಾನ ಎಂಬ ದೂರಿಗೆ ‘ಟಾಪ್’ ಕಮಾಂಡಿನ ಮೂರು ಅಂಕಿ ನೋಡಿ. ‘ಯುಎಸ್’ ಹೆಚ್ಚಿದ್ದರೆ ನಿಮ್ಮದೇ ಪ್ರೋಗ್ರಾಂ ಸಿಪಿಯುವನ್ನು ದುಡಿಸುತ್ತಿದೆ. ‘ಡಬ್ಲ್ಯುಎ’ ಹೆಚ್ಚಿದ್ದರೆ ಸಿಪಿಯು ಖಾಲಿ ಕೂತು ಡಿಸ್ಕಿಗಾಗಿ ಕಾಯುತ್ತಿದೆ, ಸ್ವಾಪ್ ಅತಿಯಾಗಿ ಬಳಕೆಯಾಗುತ್ತಿದೆಯೇ ಎಂದೂ ನೋಡಿ. ‘ಎಸ್‌ಟಿ’ ಎಂಬುದು ಸ್ಟೀಲ್ ಟೈಮ್, ಅಂದರೆ ನಿಮಗೆ ಸಿಗಬೇಕಾಗಿದ್ದ ಸಿಪಿಯು ಸಮಯವನ್ನು ಹೈಪರ್‌ವೈಸರ್ ಬೇರೆಯವರಿಗೆ ಕೊಟ್ಟಿದೆ. ಅದು ಆಗೀಗ ಒಂದೆರಡು ಪ್ರತಿಶತ ಇದ್ದರೆ ಚಿಂತೆಯಿಲ್ಲ. ಗಂಟೆಗಟ್ಟಲೆ ಹತ್ತು ದಾಟಿ ನಿಂತರೆ ಆ ಯಂತ್ರದಲ್ಲಿ ಬಾಡಿಗೆದಾರರು ಹೆಚ್ಚಾಗಿದ್ದಾರೆ, ನೀವು ಒಳಗೆ ಏನು ತಿದ್ದಿದರೂ ಪ್ರಯೋಜನವಿಲ್ಲ. ಬೇರೆ ಯಂತ್ರಕ್ಕೆ ವರ್ಗಾಯಿಸಿ ಎಂದು ಕಂಪನಿಗೆ ಕೇಳಿ. ಅಮೆಜಾನಿನ ‘ಟಿ’ ಸರಣಿಯಂಥ ಅಗ್ಗದ ಯಂತ್ರಗಳಲ್ಲಿ ಸಿಪಿಯುಗೆ ಕ್ರೆಡಿಟ್ ಲೆಕ್ಕವೂ ಇದೆ. ಕ್ರೆಡಿಟ್ ತೀರಿದ ಮೇಲೆ ವೇಗ ಇಳಿಯುವುದು ಅಥವಾ ಹೆಚ್ಚುವರಿ ಬಿಲ್ಲು ಬರುವುದು ದೋಷವಲ್ಲ, ಅದು ಯೋಜನೆಯ ಷರತ್ತು.

ಸರ್ವರ್ ಆರಾಮವಾಗಿದ್ದರೂ ಓದುಗರಿಗೆ ನಿಧಾನ ಅನ್ನಿಸಬಹುದು, ಕಾರಣ ದೂರ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕ್ ನೇರ ಗೆರೆಯಲ್ಲೇ 13,000 ಕಿ.ಮೀ.ಗೂ ಹೆಚ್ಚು, ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕೇ ಬೇಕು. ಸಮುದ್ರದಡಿಯ ಕೇಬಲ್ಲು ಸುತ್ತಿ ಬಳಸಿ ಹೋಗುವುದರಿಂದ ನಿಜವಾದ ಅಂಕಿ ಇನ್ನೂ ಹೆಚ್ಚು. ಓದುಗರು ಕರ್ನಾಟಕದಲ್ಲಿದ್ದರೆ ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್ ಆರಿಸಿ. ಅಮೆಜಾನ್ 2016ರಿಂದ ಮುಂಬೈಯಲ್ಲಿದೆ, ಡಿಜಿಟಲ್‌ಓಶನ್‌ಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಅಮೆರಿಕದ ಕನ್ನಡಿಗರೂ ಓದುವ ಸೈಟಾದರೆ ಓದುಗರಿಗೆ ಹತ್ತಿರದಿಂದಲೇ ಪುಟ ಒದಗಿಸುವ ಸಿಡಿಎನ್ ಒಂದನ್ನು ಮುಂದೆ ಇಡಿ.

502, 504, 522: ಅಂಕಿಗಳ ಅರ್ಥ

ಬ್ರೌಸರಿನಲ್ಲಿ ಕಾಣುವ ಸಂಖ್ಯೆ ಯಾವ ಕೊಂಡಿ ಕಳಚಿದೆ ಎಂದು ಹೇಳುತ್ತದೆ. 502 ಎಂದರೆ ಎಂಜಿನ್‌ಎಕ್ಸ್ ಸರಿಯಿದೆ, ಅದರ ಹಿಂದಿನ ಪಿಎಚ್‌ಪಿ ಅಥವಾ ಆ್ಯಪ್ ಸತ್ತಿದೆ. 504 ಎಂದರೆ ಹಿಂದಿನವರು ಬದುಕಿದ್ದಾರೆ, ಕೊಟ್ಟ ಹೊತ್ತಿನೊಳಗೆ ಉತ್ತರಿಸಲಿಲ್ಲ. ಎಂಜಿನ್‌ಎಕ್ಸ್ ಮೂಲತಃ ಕಾಯುವುದು 60 ಸೆಕೆಂಡ್. ಆ ಮಿತಿ ಹಿಗ್ಗಿಸುವ ಮೊದಲು ಯಾವ ಪುಟ ಅಷ್ಟು ತಡಮಾಡುತ್ತಿದೆ ಎಂದು ಹುಡುಕಿ. 413 ಎಂದರೆ ಅಪ್‌ಲೋಡ್ ಮಿತಿ ಮೀರಿದೆ, ಎಂಜಿನ್‌ಎಕ್ಸ್‌ನ ಮೂಲ ಮಿತಿ ಕೇವಲ 1 ಎಂಬಿ. 403 ಎಂದರೆ ಹೆಚ್ಚಾಗಿ ಫೈಲಿನ ಒಡೆತನ, ಅನುಮತಿಗಳ ತಕರಾರು. ಸಿಡಿಎನ್ ಆಗಿ ಕ್ಲೌಡ್‌ಫ್ಲೇರ್ ಮುಂದಿಟ್ಟವರಿಗೆ 521 ಕಂಡರೆ ನಿಮ್ಮ ಸರ್ವರ್ ಅದರ ಸಂಪರ್ಕವನ್ನು ನಿರಾಕರಿಸಿದೆ, 522 ಕಂಡರೆ ಸಂಪರ್ಕ ತಲುಪಲೇ ಇಲ್ಲ. ಎರಡರಲ್ಲೂ ಫೈರ್‌ವಾಲ್ ಕ್ಲೌಡ್‌ಫ್ಲೇರ್‌ನ ಐಪಿಗಳನ್ನು ತಡೆದಿದೆಯೇ ಎಂದು ನೋಡಿ. ಎಂಜಿನ್‌ಎಕ್ಸ್ ಕಾನ್ಫಿಗ್ ಮುಟ್ಟಿದಾಗಲೆಲ್ಲ ‘ಎಂಜಿನ್‌ಎಕ್ಸ್ -ಟಿ’ ಕೊಟ್ಟು ಪರೀಕ್ಷಿಸಿಯೇ ರೀಲೋಡ್ ಮಾಡಿ.

ಹೊಸ ಸರ್ವರ್‌ಗೆ ಹೋದಮೇಲೂ ಕೆಲವರಿಗೆ ಹಳೆಯ ಸೈಟು, ಕೆಲವರಿಗೆ ಹೊಸದು ಕಾಣುವುದು, ಸೈಟಿನ ಹೆಸರಿಗೆ ಐಪಿ ಹೇಳುವ ಡಿಎನ್‌ಎಸ್‌ನ ಆಟ. ಆ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ, ಅಂದರೆ ಟಿಟಿಎಲ್, ಮುಗಿಯುವವರೆಗೆ ಹಳೆಯ ವಿಳಾಸ ಅಲ್ಲಲ್ಲಿ ಉಳಿದಿರುತ್ತದೆ. ವರ್ಗಾವಣೆಗೆ ಒಂದು ದಿನ ಮೊದಲೇ ಅದನ್ನು 300 ಸೆಕೆಂಡಿಗೆ ಇಳಿಸಿಡಿ. ದಿನಗಳು ಕಳೆದರೂ ಮೊಬೈಲಿನಲ್ಲಿ ಮಾತ್ರ ಹಳೆಯದು ಕಂಡರೆ ‘ಎಎಎಎ’ ದಾಖಲೆ ನೋಡಿ. ಅದು ಐಪಿವಿ6 ವಿಳಾಸ. ‘ಎ’ ದಾಖಲೆ ಬದಲಿಸಿ ಇದನ್ನು ಮರೆತಿದ್ದರೆ, ಐಪಿವಿ6 ಬಳಸುವ ಜಿಯೋದಂಥ ಮೊಬೈಲ್ ಜಾಲದವರು ಹಳೆಯ ಸರ್ವರ್‌ಗೇ ಹೋಗುತ್ತಿರುತ್ತಾರೆ.

ಸರ್ಟಿಫಿಕೇಟ್ ಅವಧಿ ಮೀರಿದರೆ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ. ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸಾಮಾನ್ಯ ಸರ್ಟಿಫಿಕೇಟು 90 ದಿನದ್ದು. ಸರ್ಟ್‌ಬಾಟ್ ಪ್ರೋಗ್ರಾಂ ತಾನಾಗಿ ನವೀಕರಿಸುತ್ತದೆ ಎಂಬ ನಂಬಿಕೆಯಲ್ಲಿ ಪೋರ್ಟ್ 80ನ್ನು ಮುಚ್ಚಿದರೆ ಆ ಪೋರ್ಟಿನ ಮೂಲಕ ನಡೆಯುವ ಪರಿಶೀಲನೆ ಸೋಲುತ್ತದೆ. ಅವಧಿ ಮುಗಿಯುತ್ತಿದೆ ಎಂಬ ಇಮೇಲನ್ನು ಆ ಸಂಸ್ಥೆ 2025ರ ಜೂನ್‌ನಿಂದ ನಿಲ್ಲಿಸಿದೆ. ಬ್ರೌಸರ್ ಕಂಪನಿಗಳು ಮತ್ತು ಸರ್ಟಿಫಿಕೇಟು ನೀಡುವವರು ಸೇರಿ ಮಾಡಿದ ತೀರ್ಮಾನದಂತೆ 2029ರ ಮಾರ್ಚ್ ಹೊತ್ತಿಗೆ ಯಾವ ಸಾರ್ವಜನಿಕ ಸರ್ಟಿಫಿಕೇಟಿಗೂ 47 ದಿನಕ್ಕಿಂತ ಹೆಚ್ಚು ಆಯುಸ್ಸು ಇರುವುದಿಲ್ಲ. ಕೈಯಿಂದ ನವೀಕರಿಸುವ ಅಭ್ಯಾಸ ಇದ್ದರೆ ಈಗಲೇ ಬಿಡಿ. ಸರ್ಟ್‌ಬಾಟ್‌ಗೆ ‘ಡ್ರೈ ರನ್’ ಕೊಟ್ಟು ಪ್ರಯೋಗ ಮಾಡಿ ನೋಡಿ.

ಹೋಗದ ಮೇಲ್, ತಪ್ಪು ಹೊತ್ತಿನ ಬ್ಯಾಕಪ್

ಕಾಂಟ್ಯಾಕ್ಟ್ ಫಾರ್ಮಿನ ಮೇಲ್ ಹೋಗುತ್ತಿಲ್ಲವೆಂದರೆ ಮೊದಲು ಪೋರ್ಟ್ 25 ನೋಡಿ. ಸ್ಪ್ಯಾಮ್ ಕಾಟದಿಂದಾಗಿ ಗೂಗಲ್ ಕ್ಲೌಡ್, ಅಮೆಜಾನ್, ಡಿಜಿಟಲ್‌ಓಶನ್ ಸೇರಿದಂತೆ ಹಲವು ಕಂಪನಿಗಳು ಹೊರಹೋಗುವ ಆ ಪೋರ್ಟನ್ನು ತಡೆಯುತ್ತವೆ ಅಥವಾ ಮಿತಿಗೊಳಿಸುತ್ತವೆ. ಅದು ಕೆಟ್ಟಿಲ್ಲ, ಬೇಕೆಂದೇ ಮುಚ್ಚಿದ್ದಾರೆ. ಮೇಲ್ ಸೇವಾ ಕಂಪನಿಯೊಂದರ ಮೂಲಕ ಕಳಿಸಿ, ಮೇಲ್ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆಗಳನ್ನು ಡಿಎನ್‌ಎಸ್‌ನಲ್ಲಿ ಹಾಕಿ. 2024ರ ಫೆಬ್ರುವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ.

ಗಡಿಯಾರವೂ ದಾರಿ ತಪ್ಪಿಸುತ್ತದೆ. ಬಹುಪಾಲು ವಿಪಿಎಸ್‌ಗಳು ಯುಟಿಸಿಯಲ್ಲಿ ಬರುತ್ತವೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ರಾತ್ರಿ 2ಕ್ಕೆ ಎಂದು ಬರೆದ ಭಾರೀ ಬ್ಯಾಕಪ್ ಇಲ್ಲಿ ಓಡುವುದು ಬೆಳಗ್ಗೆ 7.30ಕ್ಕೆ, ಜನ ಫೋನು ಕೈಗೆತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ. ದಿನವೂ ಅದೇ ವೇಳೆಗೆ ಸೈಟು ತೆವಳಿದರೆ ಕ್ರಾನ್ ಪಟ್ಟಿ ನೋಡಿ. ಲಾಗ್ ಓದುವಾಗಲೂ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಒಳಗೆ ಯಾರೋ ಇದ್ದಾರೆ

ನೀವು ಹಾಕದ ಪ್ರೋಗ್ರಾಂ ಸಿಪಿಯುವನ್ನು 100 ಪ್ರತಿಶತ ನುಂಗುತ್ತಿದ್ದರೆ, ಕೊಂದರೂ ಮತ್ತೆ ಹುಟ್ಟುತ್ತಿದ್ದರೆ, ಅದು ಕ್ರಿಪ್ಟೊ ಮೈನರ್ ಇರಬಹುದು. ‘ಕೆಡೆವ್‌ಟಿಎಂಪಿಎಫ್‌ಎಸ್‌ಐ’ ಎಂಬ ಕರ್ನಲ್‌ನದ್ದೇ ಅನ್ನಿಸುವ ಹೆಸರಿನ ಮೈನರ್ ಕುಖ್ಯಾತ. ನುಸುಳುವ ದಾರಿ ಹೆಚ್ಚಾಗಿ ಇವು: ದುರ್ಬಲ ಪಾಸ್‌ವರ್ಡ್, ಅಪ್‌ಡೇಟ್ ಮಾಡದ ಪ್ಲಗಿನ್, ಪಾಸ್‌ವರ್ಡಿಲ್ಲದೆ ಲೋಕಕ್ಕೆ ತೆರೆದಿಟ್ಟ ರೆಡಿಸ್ ಡೇಟಾಬೇಸ್. ಡಾಕರ್ ಬಳಸುವವರು ಒಂದು ಮಾತು ತಿಳಿದಿರಬೇಕು. ಡಾಕರ್ ಪ್ರಕಟಿಸಿದ ಪೋರ್ಟುಗಳು ಯುಎಫ್‌ಡಬ್ಲ್ಯು ನಿಯಮಗಳನ್ನು ದಾಟಿ ಹೊರಗೆ ತೆರೆದುಕೊಳ್ಳುತ್ತವೆ. ಹೊರಗೆ ಬೇಡದ ಪೋರ್ಟನ್ನು 127.0.0.1ಕ್ಕೆ ಕಟ್ಟಿಹಾಕಿ.

ಯಾರೋ ನುಗ್ಗಿದ ಯಂತ್ರವನ್ನು ತೊಳೆದು ಬಳಸಲು ಹೋಗಬೇಡಿ, ಎಲ್ಲೆಲ್ಲಿ ಹಿಂಬಾಗಿಲು ಇಟ್ಟಿದ್ದಾರೆ ಎಂದು ಯಾರಿಗೂ ಪೂರ್ತಿ ಗೊತ್ತಾಗದು. ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಹೊಸ ಯಂತ್ರ ಕಟ್ಟಿ, ಶುದ್ಧ ಬ್ಯಾಕಪ್ಪಿನಿಂದ ಡೇಟಾ ತಂದು, ಎಲ್ಲ ಪಾಸ್‌ವರ್ಡು, ಕೀಗಳನ್ನು ಬದಲಿಸಿ. ಭಾರತದಲ್ಲಿ ಸಂಸ್ಥೆಯಾಗಿ ಸೇವೆ ನಡೆಸುವವರು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವನ್ನೂ ಓದಬೇಕು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡುವುದು, ಲಾಗ್‌ಗಳನ್ನು 180 ದಿನ ಉಳಿಸುವುದು ಅದರಲ್ಲಿವೆ. ಸರ್ವರ್ ಕೊಳ್ಳುವಾಗ ಗುರುತಿನ ದಾಖಲೆ ಕೇಳಿದರೆ ಗಾಬರಿಯಾಗಬೇಡಿ. ವಿಪಿಎಸ್ ಕಂಪನಿಗಳು ಗ್ರಾಹಕರ ವಿವರವನ್ನು ಕನಿಷ್ಠ ಐದು ವರ್ಷ ಇಟ್ಟುಕೊಳ್ಳಬೇಕೆಂದೂ ಅದೇ ನಿರ್ದೇಶನ ಹೇಳುತ್ತದೆ.

ಬ್ಯಾಕಪ್ ಬೇರೆ ಊರಿನಲ್ಲಿರಲಿ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರಿಗೆ ಡೇಟಾ, ಬ್ಯಾಕಪ್ ಎರಡೂ ಹೋದವು. ಅದೇ ಡಿಸ್ಕಿನಲ್ಲಿರುವ ನಕಲು ಬ್ಯಾಕಪ್ ಅಲ್ಲ. ಕಂಪನಿಯ ಸ್ನ್ಯಾಪ್‌ಶಾಟ್ ಉಪಯುಕ್ತ, ಆದರೆ ಖಾತೆಯೇ ಅಮಾನತಾದರೆ ಅದೂ ಕೈಗೆ ಸಿಗದು. ಡೇಟಾಬೇಸಿನ ಡಂಪು ಮತ್ತು ಅಪ್‌ಲೋಡ್ ಫೋಲ್ಡರ್ ದಿನಕ್ಕೊಮ್ಮೆ ಬೇರೊಂದು ಕಂಪನಿಯ ಸ್ಟೋರೇಜಿಗೋ ಮನೆಯ ಹಾರ್ಡ್‌ಡಿಸ್ಕಿಗೋ ಹೋಗಲಿ. ಒಮ್ಮೆಯಾದರೂ ಅದನ್ನು ಮರಳಿ ಜೋಡಿಸಿ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬುವ ಹಾಗಿಲ್ಲ.

ದೂರು ಬರೆಯುವುದೂ ಒಂದು ಕೆಲಸ

‘ಸರ್ವರ್ ಕೆಲಸ ಮಾಡುತ್ತಿಲ್ಲ, ಬೇಗ ಸರಿಮಾಡಿ’ ಎಂದು ಬರೆದರೆ ‘ರೀಬೂಟ್ ಮಾಡಿ ನೋಡಿ’ ಎಂಬ ಉತ್ತರ ಬರುತ್ತದೆ. ಯಂತ್ರದ ಐಪಿ, ತೊಂದರೆ ಶುರುವಾದ ಸಮಯ ಯುಟಿಸಿಯಲ್ಲಿ, ಪರದೆಯ ಮೇಲಿನ ಪೂರ್ತಿ ವಾಕ್ಯ, ನೀವು ಈಗಾಗಲೇ ನೋಡಿದ್ದು ಏನೇನು, ಇಷ್ಟನ್ನು ಬರೆಯಿರಿ. ನೆಟ್‌ವರ್ಕ್ ಕುರಿತ ದೂರಾದರೆ, ದಾರಿಯ ಪ್ರತಿ ಹಂತವನ್ನೂ ಪರೀಕ್ಷಿಸುವ ‘ಎಂಟಿಆರ್’ನ ವರದಿಯನ್ನು ನಿಮ್ಮ ಕಡೆಯಿಂದ ಸರ್ವರ್‌ಗೆ ಒಂದು, ಸರ್ವರ್‌ನಿಂದ ನಿಮ್ಮ ಕಡೆಗೆ ಒಂದು ಲಗತ್ತಿಸಿ. ನಡುವಿನ ಯಾವುದೋ ಒಂದು ಹಂತದಲ್ಲಿ ಮಾತ್ರ ಪ್ಯಾಕೆಟ್ ನಷ್ಟ ಕಂಡು ಕೊನೆಯಲ್ಲಿ ಇಲ್ಲವಾದರೆ ಅದು ತೊಂದರೆಯಲ್ಲ. ಅಲ್ಲಿನ ರೌಟರ್ ಇಂಥ ಪ್ರಶ್ನೆಗೆ ಉತ್ತರಿಸುವುದನ್ನು ಕಡಿಮೆ ಮಾಡಿದೆ ಅಷ್ಟೆ. ನಷ್ಟ ಕೊನೆಯವರೆಗೂ ಮುಂದುವರಿದರೆ ಮಾತ್ರ ದೂರಿಗೆ ಬಲ.

ಇನ್ನು ನೀವು ಮಾಡಿಡಬೇಕಾದ ಕೆಲಸ. ಕನ್ಸೋಲಿಗೆ ಪಾಸ್‌ವರ್ಡ್ ಹೊಂದಿಸಿ, ಅದು ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ನೋಡಿ. ಎಸ್‌ಎಸ್‌ಎಚ್ ಅಥವಾ ಫೈರ್‌ವಾಲ್ ಬದಲಿಸುವಾಗ ಹಳೆಯ ಕಿಟಕಿ ಮುಚ್ಚದೆ ಇನ್ನೊಂದರಿಂದ ಲಾಗಿನ್ ಆಗಿ ಪರೀಕ್ಷಿಸಿ. ಡಿಸ್ಕ್ 80 ಪ್ರತಿಶತ ದಾಟಿದರೆ ಮೇಲ್ ಬರುವಂತೆ ಮಾಡಿ. ಏನು ಬದಲಿಸಿದಿರಿ, ಯಾವಾಗ ಬದಲಿಸಿದಿರಿ ಎಂದು ಒಂದು ಕಡೆ ಬರೆದಿಡಿ, ಏಕೆಂದರೆ ಇವತ್ತಿನ ತೊಂದರೆಗೆ ನಿನ್ನೆ ಮಾಡಿದ ಬದಲಾವಣೆಯೇ ಕಾರಣವಾಗಿರುವುದು ಬಹಳ ಸಾಮಾನ್ಯ. ಸರ್ವರ್ ಚೆನ್ನಾಗಿ ನಡೆಯುತ್ತಿರುವ ಇವತ್ತೇ ಈ ನಾಲ್ಕನ್ನು ಮುಗಿಸಿ. ನಿಂತ ಮೇಲೆ ಇವುಗಳಲ್ಲಿ ಒಂದನ್ನೂ ಮಾಡಲು ಆಗುವುದಿಲ್ಲ.